ಸೊನ್ನೆ ಬರೆದವಳಿಗೆ ಸೊನ್ನೆ

ಮುದ್ದೇಬಿಹಾಳದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ನಾನು, ಈ ಸಲ ಪ್ರಾಕ್ಟಿಕಲ್ ಪರೀಕ್ಷೆಯ ಉತ್ತರಗಳನ್ನು ಯಂತ್ರದಿಂದಲೇ ನೋಡಿಸಬೇಕು ಎಂದು ಪಣ ತೊಟ್ಟೆ. ಪ್ರಶ್ನೆ ಸುಲಭ: ಕೊಟ್ಟ ಸಂಖ್ಯೆಯನ್ನು ಎರಡರ, ಎಂಟರ, ಹದಿನಾರರ ಲೆಕ್ಕದಲ್ಲಿ ಬರೆದು ತೋರಿಸುವ ಪ್ರೋಗ್ರಾಂ. ಹತ್ತು ಕೊಟ್ಟರೆ 1010, 12, A ಎಂದು ಬರಬೇಕು. ಆ ಉತ್ತರವನ್ನು ನನ್ನ ಪ್ರೋಗ್ರಾಂ ತನ್ನ ಉತ್ತರದ ಜೊತೆ ಹೋಲಿಸಿ ಅಂಕ ಹಾಕುತ್ತದೆ. ನನ್ನದನ್ನು ಯಾರು ನೋಡಬೇಕು? ಆ ಪ್ರಶ್ನೆ ನನ್ನ ಘನವಾದ ತಲೆಗೆ ಹೊಳೆಯಲಿಲ್ಲ!

ನನ್ನ ಪ್ರೋಗ್ರಾಮನ್ನು ನಾನು ಪರೀಕ್ಷಿಸಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಭಾನುವಾರ ಪಡಸಾಲೆಯಲ್ಲಿ ಹೆಂಡತಿ ಸೇರಿನಿಂದ ಜೋಳ ಅಳೆಯುತ್ತಿದ್ದಳು. "ಲಾಭ, ಎರಡು, ಮೂರು..." ನಮ್ಮ ಕಡೆ ಕಾಳು ಅಳೆಯುವಾಗ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಅವಳು ಎಣಿಸಿದ್ದನ್ನೆಲ್ಲ ಟೈಪು ಮಾಡುತ್ತಾ ಹೋದೆ. ಅರವತ್ತರವರೆಗೂ ಒಂದೂ ತಪ್ಪಿಲ್ಲ!

"ಹೆಂಗೈತಿ ನೋಡು!"

"ಚಲೋ ಐತ್ರಿ. ಮೊದಲ ಕಾಲ ತಗೀರಿ, ಜೋಳದ ಮ್ಯಾಲ ಇಟ್ಟೀರಿ."

ಪರೀಕ್ಷೆಯ ದಿನ ಯಂತ್ರ ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆಯನ್ನು ತಾನೇ ಆರಿಸಿ ಕೊಟ್ಟಿತು. ತಂಗಡಗಿಯಿಂದ ಬಸ್ಸಿನಲ್ಲಿ ಬರುವ ಶಿಲ್ಪಾಳಿಗೆ ಬಂದದ್ದು ಸೊನ್ನೆ. ಅವಳ ಪ್ರೋಗ್ರಾಂ ಮೂರೂ ಕಡೆ 0 ಎಂದು ತೋರಿಸಿತು. ನನ್ನ ಪ್ರೋಗ್ರಾಂ ಅದನ್ನು ತಪ್ಪು ಎಂದಿತು. ಅಂಕ ಸೊನ್ನೆ!

"ಸರ್, ಸೊನ್ನಿ ಯಾವ ಲೆಕ್ಕದಾಗೂ ಸೊನ್ನೀನ ಅಲ್ರಿ?"

"ಯಂತ್ರಕ್ಕಿಂತ ಶಾಣ್ಯಾಕಿ ಆಗಬ್ಯಾಡ. ಕುಂದರ!" ಎಂದು ಎಲ್ಲರೆದುರು ಗದರಿದೆ. ಅವಳು ಕಣ್ಣು ತುಂಬಿಕೊಂಡು ಕೂತಳು. ನಾನು ಪರಮ ಗಾಂಭೀರ್ಯದಿಂದ ಅಂಕಗಳನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿದೆ.

ಸಂಜೆ ಮನೆಯಲ್ಲಿ, ಇರಲಿ ಎಂದು, ನನ್ನ ಪ್ರೋಗ್ರಾಮಿಗೂ ಸೊನ್ನೆ ಕೊಟ್ಟು ನೋಡಿದೆ. ಪರದೆಯ ಮೇಲೆ ಏನೂ ಇಲ್ಲ! ಸಂಖ್ಯೆ ಸೊನ್ನೆಯಾಗುವವರೆಗೆ ಭಾಗಿಸುತ್ತಾ ಹೋಗು ಎಂದು ಬರೆದಿದ್ದೆ; ಮೊದಲೇ ಸೊನ್ನೆ ಇದ್ದುದರಿಂದ ಭಾಗಿಸಲು ಏನೂ ಸಿಗದೆ ಅದು ಬರಿಗೈಯಲ್ಲಿ ಹೊರಗೆ ಬಂದಿತ್ತು. ನನ್ನ ಮೇಲೆ ನನಗೇ ಬಂದ ಸಿಟ್ಟನ್ನು ಹೆಂಡತಿಯ ಮೇಲೆ ತೀರಿಸಿಕೊಂಡೆ.

"ನೀ ಸೊನ್ನಿಯಿಂದ ಯಾಕ ಎಣಸಲಿಲ್ಲ?"

"ಕಾಳ ಅಳಿಯೂವಾಗ ಯಾರರ ಸೊನ್ನಿ ಅಂತಾರೇನ್ರಿ? ಮಾಸ್ತರ ನೀವು, ನಾನಲ್ಲ."

ಮರುದಿನ ಅಂಕ ತಿದ್ದಿಸಲು ಕಚೇರಿಗೆ ಓಡಿದೆ. "ಹೋದದ್ದು ಹೋತ್ರಿ ಸರ್, ಇನ್ನ ತಿದ್ದಾಕ ಬರೂದಿಲ್ಲ" ಎಂದರು ಗುಮಾಸ್ತರು. ಶಿಲ್ಪಾಳನ್ನು ಕರೆದು, "ತಪ್ಪು ನಂದವ್ವಾ" ಎಂದೆ. "ಇರ್ಲಿ ಬಿಡ್ರಿ ಸರ್" ಎಂದವಳೇ ನನ್ನ ಪ್ರೋಗ್ರಾಮಿಗೆ ಎರಡು ಸಾಲು ಸೇರಿಸಿ ಸರಿಮಾಡಿ ಕೊಟ್ಟಳು. ಅವಳು ಜಗಳವಾಡಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಈಗ ನಾನು ಬೋರ್ಡಿನ ಮೇಲೆ ತಪ್ಪು ಬರೆದರೆ ಉಳಿದವರು ನಗುತ್ತಾರೆ. ಅಂದು ಪ್ರಶ್ನೆ ಕೇಳಿ ಗದರಿಸಿಕೊಂಡ ಶಿಲ್ಪಾ ಮಾತ್ರ ಏನೂ ಕೇಳುವುದಿಲ್ಲ. ತಲೆ ತಗ್ಗಿಸಿ, ನನ್ನ ತಪ್ಪನ್ನು ಅಚ್ಚುಕಟ್ಟಾಗಿ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾಳೆ.