ಬೂದುಗುಂಬಳದ ಅಭ್ಯಂಜನ

ಒಂದು ಗಾಡಿ ಕಲ್ಲಿದ್ದಲ ಬೂದಿ ನನಗೆ ಬಿದ್ದದ್ದು ಎರಡು ಲೋಟ ಕಾಫಿಗೆ. ಅದರಲ್ಲೂ ಒಂದು ಲೋಟ ನಾನೇ ಕುಡಿದೆ. ಚೌಕಾಸಿ ನನಗೆ ಹುಟ್ಟುಗುಣವಲ್ಲ; ಬರಿಗೈಯಲ್ಲಿ ಬೆಂಗಳೂರಿಗೆ ಬಂದು ಕಲಿತ ವಿದ್ಯೆ. ರಾಜಾಜಿನಗರದಲ್ಲಿ ನಮ್ಮ ಹಿಂದಿನ ಬೀದಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದಿತ್ತು. ಅದರ ಬಾಯ್ಲರಿನ ಹೊಗೆಗೂಡಿನಲ್ಲಿ ಕೂರುವ ಬೂದಿ ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯ. ಅದನ್ನು ನಾಯಂಡಹಳ್ಳಿಯ ಹಳ್ಳಕ್ಕೆ ಸುರಿಯಲು ಹೊರಟಿದ್ದ ಗಾಡಿಯವನನ್ನು ತಡೆದು, "ಅಷ್ಟು ದೂರ ಯಾಕಪ್ಪಾ ಎತ್ತುಗಳಿಗೆ ಕಷ್ಟ? ನಮ್ಮ ಹಿತ್ತಲು ಇಲ್ಲೇ ಇದೆ" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಇಷ್ಟು ಬೂದೀಲಿ ಯಾವೂರಿನ ಪಾತ್ರೆ ತಿಕ್ತೀರಾ ಸ್ವಾಮಿ?"

ಪಾತ್ರೆಗಲ್ಲ, ಮಣ್ಣಿಗೆ. ನಮ್ಮ ಹಿತ್ತಲಿನದು ಮಳೆಯಲ್ಲಿ ಅಂಟು, ಬಿಸಿಲಲ್ಲಿ ಇಟ್ಟಿಗೆಯಾಗುವ ಜೇಡಿಮಣ್ಣು. ಎರಡು ವರ್ಷದಿಂದ ನಾನು ಬಿತ್ತಿದ್ದು ಯಾವುದೂ ಮೊಳಕೆ ದಾಟಿರಲಿಲ್ಲ. ನನ್ನ ಹೆಂಡತಿ ಶಾರದ ಬೇಸತ್ತು, "ಆಯುಧಪೂಜೆ ಒಳಗೆ ಒಂದು ತರಕಾರಿ ಬೆಳೆದು ತೋರ್ಸಿ. ಇಲ್ಲಾಂದ್ರೆ ಚಪ್ಪಡಿ ಹಾಕ್ಸಿ, ಬಟ್ಟೆ ಒಗೆಯೋಕಾದ್ರೂ ಆಗತ್ತೆ" ಎಂದು ಗಡುವು ಕೊಟ್ಟಿದ್ದಳು. ಕಾರ್ಖಾನೆಯ ಬೂದಿಗುಡ್ಡೆಯ ಅಂಚಿನಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದದ್ದನ್ನು ನಾನು ಕಂಡಿದ್ದೆ. ಹುಲ್ಲಿಗೆ ಒಪ್ಪಿದ್ದು ಕುಂಬಳಕ್ಕೆ ಒಪ್ಪದೇ?

ಬೂದಿ ಇಳಿಸಿದ ದಿನವೇ ಗಾಳಿ ಬೀಸಬೇಕೆ! ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಒಣಗಲು ಹಾಕಿದ್ದ ಪಂಚೆ ಬಣ್ಣಗೆಟ್ಟಿತು. "ಏನ್ರೀ, ನನಗಿನ್ನೂ ಜೀವ ಇದೆ. ಈಗಲೇ ಬೂದಿ ಮಾಡ್ಬಿಟ್ರಾ?" ಎಂದು ಕಾಂಪೌಂಡಿನ ಆಚೆಯಿಂದ ಕೂಗಿದರು. ಉಳಿದ ಬೂದಿಗೆ ನೀರು ಚಿಮುಕಿಸಿ, ಸಗಣಿ ಗೊಬ್ಬರ ಬೆರೆಸಿ ಅಗೆದೆ. ಎರಡು ಮಳೆ ಬೀಳುವಷ್ಟರಲ್ಲಿ ಆ ಕಲ್ಲುಮಣ್ಣು ಹಿಡಿದರೆ ಬೆರಳಸಂದಿಯಲ್ಲಿ ಉದುರತೊಡಗಿತು. ಅದರಲ್ಲಿ ಬಿತ್ತಿದ ಬೂದುಗುಂಬಳದ ಬಳ್ಳಿ ನಮ್ಮ ಗೋಡೆ ಹತ್ತಿ, ಮೇಷ್ಟ್ರ ಬಚ್ಚಲಿನ ತಾರಸಿಯನ್ನೂ ಆಕ್ರಮಿಸಿತು. ಎಂಟು ಕಾಯಿ!

ಆಯುಧಪೂಜೆಗೆ ವಾಹನ, ಯಂತ್ರಗಳ ಮುಂದೆ ಒಡೆಯಲು ಊರಿಗೆಲ್ಲ ಬೂದುಗುಂಬಳ ಬೇಕು. ಮಾರಿ ಹೆಂಡತಿಯನ್ನು ಬೆರಗುಗೊಳಿಸೋಣವೆಂದು ಹೋಗಿ ನೋಡಿದರೆ, ಕಾಯಿಗಳ ಮೈತುಂಬ ಬಿಳಿ ಬೂದಿ. ಬಾಯ್ಲರಿನದು ಇಲ್ಲಿಗೂ ಹತ್ತಿತಲ್ಲಾ ಎಂದುಕೊಂಡೆ. ಗಿರಾಕಿಗೆ ಗೊತ್ತಾಗಬಾರದೆಂದು ಆರು ಕಾಯಿಗಳನ್ನು ತೆಂಗಿನ ನಾರಿನಲ್ಲಿ ಉಜ್ಜಿ, ಎಣ್ಣೆಸ್ನಾನ ಮುಗಿಸಿದ ಮದುಮಕ್ಕಳಂತೆ ಹೊಳೆಯಿಸಿ, ತರಕಾರಿ ಅಂಗಡಿಯ ಕೆಂಪಣ್ಣನ ಮುಂದಿಟ್ಟೆ. ತಾರಸಿಯ ಮೇಲಿದ್ದ ಎರಡು ಮಾತ್ರ ಕೈಗೆಟುಕದೆ ಬಚಾವಾದವು.

"ಇದೇನ್ ಸಾರ್, ಮೈಮೇಲೆ ಬೂದೀನೇ ಇಲ್ಲ? ಎಳೇ ಕಾಯಿ ಕಿತ್ಕೊಂಡ್ ಬಂದಿದೀರಾ!"

"ತೊಳೆದಿದೀನಪ್ಪಾ, ಶುಭ್ರವಾಗಿ."

ಕೆಂಪಣ್ಣ ತಕ್ಕಡಿ ಕೆಳಗಿಟ್ಟು ನಕ್ಕ. "ಬಲಿತ ಕಾಯಿಗೆ ಬೂದಿ ತಾನಾಗೇ ಬರತ್ತೆ ಸಾರ್. ಅದಕ್ಕೇ ಅಲ್ವಾ ಆ ಹೆಸರು?"

ಹುಟ್ಟಿದಾಗಿನಿಂದ ಆ ಹೆಸರನ್ನು ಹೇಳುತ್ತಿದ್ದೆ. ಒಮ್ಮೆಯೂ ಕಿವಿಗೊಟ್ಟು ಕೇಳಿರಲಿಲ್ಲ.

ಬೂದಿಯಿಲ್ಲದ ಕಾಯಿಯನ್ನು ಯಾರೂ ಕೊಳ್ಳುವುದಿಲ್ಲವೆಂದು ಅವನು ಹಿಂತಿರುಗಿಸಿದ ಆರನ್ನೂ ಹೊತ್ತು ಮನೆಗೆ ಬಂದೆ. ಶಾರದ ನಗು ತಡೆದುಕೊಂಡು ತುರಿಯಲು ಕೂತಳು. ಬೀದಿಗೆಲ್ಲ ಕಾಶಿ ಹಲ್ವ ಹಂಚಿದೆವು. ಮೇಷ್ಟ್ರು ಮೂರನೆಯ ಸಲ ಬಡಿಸಿಕೊಳ್ಳುತ್ತಾ, "ಆ ಗಾಡಿಯವನು ಮತ್ತೆ ಯಾವಾಗ ಬರ್ತಾನ್ರೀ?" ಎಂದು ಮೆಲ್ಲಗೆ ಕೇಳಿದರು. ತಾರಸಿಯ ಎರಡನ್ನು ಬಾಯ್ಲರಿನ ಮುಂದೆ ಒಡೆಯಲು ಕಾರ್ಖಾನೆಯ ಮೇಸ್ತ್ರಿಯೇ ಬಂದು, ಹೇಳಿದ ಬೆಲೆ ಕೊಟ್ಟು ಒಯ್ದ. ಹಬ್ಬದ ಮಾರನೆಯ ದಿನ ಅಳತೆಗೆ ಬಂದ ಚಪ್ಪಡಿಯವನಿಗೆ ಶಾರದ ಬಾಗಿಲಲ್ಲೇ ಹೇಳಿದಳು: "ಬೇಡಪ್ಪಾ. ಅಲ್ಲಿ ಬದನೆ ಹಾಕ್ತಾ ಇದೀವಿ." 'ಇದೀವಿ' ಎಂದಳು! ಹಿತ್ತಲು ಉಳಿಯಿತು.

ನೀವೂ ಮಾಡುವುದಾದರೆ, ಒದ್ದೆ ಮಾಡದೆ ಬೂದಿಯನ್ನು ಮುಟ್ಟಬೇಡಿ. ಹತ್ತು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಸಾಕು. ಬಿಟ್ಟಿ ಸಿಕ್ಕಿತೆಂದು ಸುರಿದರೆ ಗಿಡ ಕೆಟ್ಟೀತು. ಗೊಬ್ಬರದಲ್ಲಿ ಜಿಪುಣತನ ಬೇಡ. ಗಾಡಿಯವನ ಹತ್ತಿರ ಮಾತಾಡಲು ನನ್ನನ್ನು ಕರೆಯಿರಿ, ಧಾರಾಳವಾಗಿ ಬರುತ್ತೇನೆ. ಕಾಯಿ ಬಲಿತಿದೆಯೋ ಇಲ್ಲವೋ ಎಂಬುದನ್ನು ಮಾತ್ರ ನಮ್ಮ ಮನೆಯವಳನ್ನೇ ಕೇಳಿ.