ಫೋಟೋ ಮಾಮ ಜಿಂಕೆಗೆ ಹೊಂಚು ಹಾಕಿದ್ದು

"ಮನುಷ್ಯರನ್ನ ಸ್ಟೂಲ್ ಮೇಲೆ ಕೂರಿಸಿ ಫೋಟೋ ತೆಗೆಯೋದು ದೊಡ್ಡ ವಿದ್ಯೆನಾ? ಕಾಡಲ್ಲಿ ಒಂದು ಜಿಂಕೆ ಫೋಟೋ ತೆಗಿ, ಒಪ್ತೀನಿ" ಎಂದು ಕ್ಷೌರಿಕ ಗೆಳೆಯ ಗಡ್ಡ ಹೆರೆಯುತ್ತ ಅಂದದ್ದೇ ಎಲ್ಲಕ್ಕೂ ಮೂಲ. ಕುತ್ತಿಗೆಯ ಹತ್ತಿರ ಕತ್ತಿಯಿದ್ದುದರಿಂದ ಫೋಟೋ ಮಾಮ ಆಗ ತುಟಿ ಬಿಚ್ಚಲಿಲ್ಲ. ಮುಖ ಒರೆಸಿಕೊಂಡವರೇ, "ನಾಳೇನೇ ಹೋಗ್ತೀನಿ!" ಎಂದು ಎದ್ದರು.

ಮಾಮ ಸ್ಟುಡಿಯೋ ಮುಚ್ಚಿ ಬಹಳ ಕಾಲವಾಗಿತ್ತು. ಊರವರ ಜೇಬುಜೇಬಿನಲ್ಲೂ ಕ್ಯಾಮೆರಾ ಬಂದ ಮೇಲೆ ಅವರದು ಬೀರುವಿನಲ್ಲಿ, ನಿವೃತ್ತ ಹೆಡ್ಮಾಸ್ಟರರಂತೆ, ಯಾರೂ ಮಾತಾಡಿಸದೆ ಕೂತಿತ್ತು.

ಒಬ್ಬರೇ ಹೋಗುವ ಆಸೆ. ಆದರೆ ಕಾರು ಭಾವಮೈದನದು, ಹಾಗಾಗಿ ಅವನು ಬಂದ. "ಹಸಿವಾದ್ರೆ?" ಎಂದು ಬುತ್ತಿ ಹಿಡಿದು ಹೆಂಡತಿ ಬಂದರು. "ಸಾಕ್ಷಿ ಬೇಡ್ವಾ?" ಎಂದು ಕ್ಷೌರಿಕನೂ ಹತ್ತಿದ.

ಕಾಡಿನಲ್ಲಿ ಪೊದೆಯ ಮೇಲೆ ಎರಡು ಕಿವಿ ಕಂಡದ್ದೇ ತಡ, ಭಾವಮೈದ "ಭಾವಾ, ಅಲ್ನೋಡಿ!" ಎಂದು ಕಿರುಚಿದ. ಕಿವಿ ಮಾಯ. ಮುಂದಿನ ಸಲ ಹೆಂಡತಿ ಸೀನಿದರು. ಆಮೇಲೆ ಎಲ್ಲರೂ ಉಸಿರು ಬಿಗಿಹಿಡಿದಿದ್ದಾಗ ಮಾಮನೇ ಒಣಕಡ್ಡಿ ತುಳಿದರು.

"ಇದೂ ನನ್ನ ತಲೆಗೇ ಕಟ್ಬೇಡಿ" ಅಂದರು ಹೆಂಡತಿ.

"ದಮ್ಮಯ್ಯ ಅಂತೀನಿ, ನೀವು ಮೂವರೂ ಆ ದಿಬ್ಬದಾಚೆ ಮರದಡಿ ಕೂತಿರಿ!"

ಮಾಮ ಪೊದೆಯೊಳಗೆ ತೂರಿ ಹೊಂಚು ಹಾಕಿದರು. ಇರುವೆಗಳು ಪ್ಯಾಂಟಿನೊಳಗೆ ಮೆರವಣಿಗೆ ಹೊರಟರೂ ಮಿಸುಕಲಿಲ್ಲ. ಬಿಸಿಲು ನೆತ್ತಿಗೇರಿತು. ಜಿಂಕೆ ಬಿಡಿ, ಅದರ ನೆರಳೂ ಇಲ್ಲ. ಆಚೆಯಿಂದ ನಗು ಮಾತ್ರ ತೇಲಿ ಬರುತ್ತಿತ್ತು.

"ಸ್ಟುಡಿಯೋದಲ್ಲಿ ಇದ್ದದ್ದೇ ಒಂದು ಕೋಟು," ಕ್ಷೌರಿಕ ಹೇಳುತ್ತಿದ್ದ. "ಊರಿನ ಗಂಡುಗಳೆಲ್ಲ ಅದರಲ್ಲೇ ತೂರ್ಕೊಂಡು ಹೆಣ್ಣಿನ ಮನೆಗೆ ಫೋಟೋ ಕಳಿಸಿದ್ವಿ!"

"ಸಡಿಲ ಆದೋರಿಗೆ ಹಿಂದ್ಗಡೆ ಪಿನ್ ಹಾಕ್ತಿದ್ದೋಳು ನಾನೇ ಅಲ್ವಾ!"

ಮಾಮನಿಗೆ ಎದೆ ತುಂಬಿ ಬಂತು. ತುಟಿಯಲ್ಲಿ ಪಿನ್ನು ಕಚ್ಚಿಕೊಂಡು, ನಗು ತಡೆದುಕೊಂಡು, ಗಿರಾಕಿಗಳ ಬೆನ್ನ ಹಿಂದೆ ಬಗ್ಗಿ ನಿಲ್ಲುತ್ತಿದ್ದ ಆ ಎಳೆಯ ಹೆಂಡತಿ ಕಣ್ಣಿಗೆ ಕಟ್ಟಿದಳು. ಜಿಂಕೆ ಹಾಳಾಗಲಿ ಎಂದು ಎದ್ದು ದಿಬ್ಬ ಹತ್ತಿದರು. ಹತ್ತಿದವರು ಕಂಬದಂತೆ ನಿಂತರು.

ಹರಟುತ್ತಿದ್ದ ಮೂವರ ಸುತ್ತ ಹಿಂಡು ಜಿಂಕೆ ನೆಮ್ಮದಿಯಾಗಿ ಮೇಯುತ್ತಿತ್ತು! ಮರಿಯೊಂದು ಬುತ್ತಿಯನ್ನೇ ಮೂಸುತ್ತಿತ್ತು.

"ಮೆಲ್ಲಗೆ ಬನ್ನಿ," ಹೆಂಡತಿ ಹರಟೆಯ ಧಾಟಿಯಲ್ಲೇ ಅಂದರು. "ಕದ್ದು ಕೂತಿದ್ರೆ ಹುಲಿ ಅಂತ ಅವಕ್ಕೆ ಗೊತ್ತು. ಹರಟೆ ಹೊಡೆಯೋ ಹುಲಿ ಎಲ್ಲಾದ್ರೂ ಇದೆಯಾ?"

"ಹಾಗೇ ಮಾತಾಡ್ತಾ ಇರಿ, ನಿಲ್ಲಿಸ್ಬೇಡಿ," ಎಂದು ಮಾಮ ಕ್ಯಾಮೆರಾ ಎತ್ತಿದರು.

ಎತ್ತಿದ್ದೇ ತಡ, ಕ್ಷೌರಿಕ ಕಾಲರು ಸರಿಮಾಡಿಕೊಂಡ. ಭಾವಮೈದ ಹೊಟ್ಟೆ ಒಳಗೆಳೆದುಕೊಂಡ. ಹೆಂಡತಿ ಮುಂಗುರುಳು ಹಿಂದೆ ಸರಿಸಿ ಗಲ್ಲವೆತ್ತಿದರು. ಮೂವರೂ ಮಾತು ನಿಲ್ಲಿಸಿ, ಮಸೂರವನ್ನೇ ದಿಟ್ಟಿಸಿ ಕಲ್ಲಾದರು.

ಕಾಡು ಗಪ್‌ಚಿಪ್ ಆಯಿತು. ಜಿಂಕೆಗಳು ಗಾಬರಿಯಿಂದ ತಲೆಯೆತ್ತಿ, ಸುತ್ತ ನೋಡಿ, ಬಾಣ ಬಿಟ್ಟಂತೆ ಪಾರಾದವು. ಮಾಮನ ಚೌಕಟ್ಟಿನಲ್ಲಿ ಉಳಿದವರು ಮೂವರೇ.

"ಎಷ್ಟೊತ್ತು ಹೀಗೇ ಕೂತಿರೋದು? ಬೇಗ ತೆಗಿಯಯ್ಯಾ," ಅಂದ ಕ್ಷೌರಿಕ, ತುಟಿ ಅಲ್ಲಾಡಿಸದೆ.