ಸದ್ಯಕ್ಕೊಬ್ಬ ರಾಜ

ಎಲ್ಲ ಅನಾಹುತಕ್ಕೂ ಮೂಲ ‘ಸದ್ಯಕ್ಕೆ ಇದಿರಲಿ’ ಎಂಬ ಒಂದು ಮಾತು. ಟೀವಿಯವರು ಇತಿಹಾಸದ ಸಾಕ್ಷ್ಯಚಿತ್ರ ಜೋಡಿಸುವಾಗ ಬೇಕಾದ ಚಿತ್ರ ಸಿಗದಿದ್ದರೆ, ಆ ಜಾಗಕ್ಕೆ ಕೈಗೆ ಸಿಕ್ಕಿದ್ದನ್ನು ತುರುಕಿ ಮುಂದೆ ಹೋಗುತ್ತಾರೆ. ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಕರವಸ್ತ್ರ ಎಸೆದ ಹಾಗೆ. ಆಮೇಲೆ ಅಸಲಿ ಚಿತ್ರ ಬಂದಾಗ ಕರವಸ್ತ್ರ ಎತ್ತಿಕೊಳ್ಳಬೇಕು. ಮರೆತರೆ ಕರವಸ್ತ್ರವೇ ಊರು ತಲುಪುತ್ತದೆ.

ಆ ಚಾನೆಲ್ಲಿನಲ್ಲಿ ತಪ್ಪು ಹುಡುಕುವುದನ್ನೇ ಕೆಲಸ ಮಾಡಿಕೊಂಡವನೊಬ್ಬನಿದ್ದ. ಹುದ್ದೆಯಲ್ಲಿ ಸತ್ಯಪರಿಶೀಲಕ, ಎಲ್ಲರ ಬಾಯಲ್ಲಿ ಕೊಕ್ಕೆ. ಯುದ್ಧದ ದೃಶ್ಯ ನೋಡುತ್ತ ಉಳಿದವರು ಉಸಿರು ಬಿಗಿಹಿಡಿದಿದ್ದರೆ, “ಆ ಕಾಲದಲ್ಲಿ ಅಂಗಿಗೆ ಈ ಥರ ಗುಂಡಿ ಇರ್ಲಿಲ್ಲ” ಎಂದು ಕೊಕ್ಕೆ ಹಾಕುವವನು. ಎರಡು ಆಧಾರ ಇಲ್ಲದೆ ಯಾವುದನ್ನೂ ಸೇರಿಸಬಾರದು, ಯಾವುದನ್ನೂ ತೆಗೆಯಬಾರದು ಎಂಬ ನಿಯಮ ತಂದವನೂ ಅವನೇ. ಇಷ್ಟಿದ್ದೂ ಹಿಂದಿನ ಕಾರ್ಯಕ್ರಮದಲ್ಲಿ ಪುರಾತನ ಸೇನಾಪತಿಯೊಬ್ಬ ಕನ್ನಡಕ ಹಾಕಿಕೊಂಡೇ ಕುದುರೆ ಏರಿದ್ದು ಇವನ ಕಣ್ಣು ತಪ್ಪಿಸಿ ಪ್ರಸಾರವಾಗಿತ್ತು. “ಇನ್ನೊಂದು ತಪ್ಪು ಹೊರಗೆ ಹೋದ್ರೆ ಆ ಕುರ್ಚಿ ನಿನ್ನದಲ್ಲ” ಎಂದು ಮುಖ್ಯಸ್ಥರು ಹೇಳಿಬಿಟ್ಟಿದ್ದರು. ಆ ಕುರ್ಚಿ ಬಿಟ್ಟರೆ ಹೆಮ್ಮೆಪಡಲು ಅವನಿಗೆ ಈ ಜಗತ್ತಿನಲ್ಲಿ ಬೇರೇನೂ ಇರಲಿಲ್ಲ.

ಹೊಸ ಸಾಕ್ಷ್ಯಚಿತ್ರ ಮೌನದೊರೆಯದು. ಹುಚ್ಚುಹೊಳೆಗೆ ಅಡ್ಡವಾಗಿ ಮಹಾಗೋಡೆ ಕಟ್ಟಿಸಿ ಊರು ಉಳಿಸಿದ ರಾಜ. ತನ್ನ ಬಗ್ಗೆ ಒಂದಕ್ಷರ ಕೆತ್ತಿಸಲಿಲ್ಲ, ಒಂದು ಚಿತ್ರ ಬರೆಸಲಿಲ್ಲ, ಅದಕ್ಕೇ ಆ ಹೆಸರು. ಗೋಡೆ ಮಾತ್ರ ಇಂದಿಗೂ ನಿಂತಿದೆ. ಅದರ ಬುಡದಲ್ಲಿ ತಲೆ ಎತ್ತಿ ನಿಂತರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಚಿತ್ರೀಕರಣಕ್ಕೆ ಹೋದಾಗ ಕೊಕ್ಕೆಯೂ ಹಾಗೆ ನಿಂತಿದ್ದ. ಇಷ್ಟು ದೊಡ್ಡದನ್ನು ಮಾಡಿ ಹೆಸರೂ ಹೇಳದೆ ಹೋದನಲ್ಲ ಪುಣ್ಯಾತ್ಮ ಎಂದುಕೊಂಡು ಅವನ ಕಣ್ಣಲ್ಲಿ ನೀರು ಬಂದಿತ್ತು.

ಆದರೆ ಟೀವಿಗೆ ಮುಖ ಬೇಕು. ಮುಖದ ಜಾಗ ಖಾಲಿ ಬಿಟ್ಟುಕೊಂಡು ಸಂಕಲನಕಾರ ಒದ್ದಾಡುತ್ತಿದ್ದುದನ್ನು ನೋಡಲಾರದೆ ಕೊಕ್ಕೆ ತನ್ನ ಮೊಬೈಲಿನಿಂದ ತಾತನ ಹಳೇ ಫೋಟೊ ಕಳಿಸಿದ್ದ. ತಾತ ಕೊಡೆ ರಿಪೇರಿಯವನು. ಎಂದೋ ಒಮ್ಮೆ ಆಸೆಯಾಗಿ ಸ್ಟುಡಿಯೋಗೆ ಹೋಗಿ ಬಾಡಿಗೆ ಕಿರೀಟ, ಬಾಡಿಗೆ ನಿಲುವಂಗಿ ತೊಟ್ಟು ತೆಗೆಸಿಕೊಂಡದ್ದು. “ಸದ್ಯಕ್ಕೆ ಇದಿರಲಿ” ಎಂದಿದ್ದ ಕೊಕ್ಕೆ. ಮರುದಿನ ಜ್ವರ ಬಂದು ಮಲಗಿದವನು ಎದ್ದು ಬಂದದ್ದು ಪ್ರಸಾರದ ದಿನ ಬೆಳಿಗ್ಗೆಯೇ.

ಕತ್ತಲ ಕೋಣೆಯಲ್ಲಿ ಕೊನೆಯ ಪ್ರದರ್ಶನ ನಡೆಯುತ್ತಿತ್ತು. ನಗಾರಿ ಮೊಳಗಿತು, ಹೊಳೆ ಉಕ್ಕಿತು, ಮೋಡ ಸರಿದು ಗೋಡೆಯಗಲದ ಪರದೆಯ ಮೇಲೆ ಮೌನದೊರೆಯ ಮುಖ ನಿಧಾನವಾಗಿ ಮೂಡಿತು. ಹಳೇ ತೈಲಚಿತ್ರ, ಅಲ್ಲಲ್ಲಿ ಬಣ್ಣ ಬಿರುಕು ಬಿಟ್ಟಿದೆ. “ಪ್ರಳಯವನ್ನೇ ದಿಟ್ಟಿಸಿ ಹಿಂದಕ್ಕೆ ಕಳಿಸಿದ ಕಣ್ಣುಗಳಿವು” ಎಂದಿತು ಹಿನ್ನೆಲೆಯ ಧ್ವನಿ. ಕೊಕ್ಕೆಯ ಮೈ ಜುಮ್ಮೆಂದಿತು. ಎಂಥ ತೇಜಸ್ಸು ಎಂದು ಕೈ ಮುಗಿಯಬೇಕು ಅನ್ನುವಷ್ಟರಲ್ಲಿ ರಾಜನ ಬಲಗೆನ್ನೆಯ ಮೇಲೆ ನರಹುಲಿ ಕಂಡಿತು. ಚಿಕ್ಕಂದಿನಲ್ಲಿ ಅದನ್ನು ಹಿಡಿದೆಳೆದು ಅವನು ಏಟು ತಿಂದಿದ್ದ. ಅವನು ಕಳಿಸಿದ ಫೋಟೊಗೇ ಸಂಕಲನಕಾರ ಕಂಪ್ಯೂಟರಿನಲ್ಲಿ ತೈಲಚಿತ್ರದ ಬಣ್ಣ ಬಳಿದಿದ್ದ.

ಪರದೆಯ ಮೇಲೆ ಇತಿಹಾಸದ ಪ್ರೊಫೆಸರ್ ಒಬ್ಬರು ಬಂದರು. “ಕೈಯಲ್ಲಿರೋ ಖಡ್ಗ ಗಮನಿಸಿ. ಹಿಡಿ ಹೀಗೆ ಪೂರ್ತಿ ಬಾಗಿರೋ ಖಡ್ಗ ಬೇರೆಲ್ಲೂ ಸಿಕ್ಕಿಲ್ಲ. ಶತ್ರುವಿನ ಕತ್ತಿಗೆ ಸಿಕ್ಕಿಸಿ ಎಳೆಯೋ ಯುದ್ಧತಂತ್ರ ಇದು” ಎಂದು ವಿವರಿಸಿದರು. ಬಾಡಿಗೆ ಕತ್ತಿ ಸಿಗದೆ ತಾತ ಮಡಚಿ ಹಿಡಿದಿದ್ದ ಕೊಡೆಯದು.

ದೀಪ ಹತ್ತಿದಾಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ಕೊಕ್ಕೆ ನಿರ್ದೇಶಕಿಯನ್ನು ಮೂಲೆಗೆ ಕರೆದ. “ಮೇಡಂ, ಆ ಚಿತ್ರ ರಾಜಂದಲ್ಲ.”

“ಮತ್ಯಾರದ್ದು?”

“ನಮ್ಮ ತಾತಂದು. ನಾನು ಸದ್ಯಕ್ಕೆ ಇರಲಿ ಅಂತ ಕಳಿಸಿದ್ದೆ.”

ನಿರ್ದೇಶಕಿ ಅವನ ಹಣೆ ಮುಟ್ಟಿ ನೋಡಿದಳು. “ಜ್ವರ ಪೂರ್ತಿ ಬಿಟ್ಟಿಲ್ಲ ನಿನಗೆ. ನೀನು ಕಳಿಸಿದ ಚಿತ್ರ ಅಂದ್ಮೇಲೆ ಪರಿಶೀಲನೆ ಆಗಿಯೇ ಇರುತ್ತೆ ಅಂತ ತಾನೇ ನಾವು ಹಾಕಿದ್ದು?”

“ನೋಡಿ, ಫೋಟೊ ಇನ್ನೂ ಮೊಬೈಲಲ್ಲಿದೆ.”

“ಆ ಚಿತ್ರಕ್ಕೆ ಆ ಚಿತ್ರಾನೇ ಆಧಾರ ಅಂದ್ರೆ ಹೇಗಪ್ಪಾ? ಎರಡು ಆಧಾರ ಇಲ್ಲದೆ ಏನೂ ತೆಗೀಬಾರದು. ನಿಯಮ ಯಾರದ್ದು?”

ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದೆಂದರೆ ಇದೇ. ಪ್ರಸಾರ ಸಂಜೆಗೆ. ಅಷ್ಟರೊಳಗೆ ಎರಡು ಆಧಾರ ತರದಿದ್ದರೆ ತಾತ ರಾಜನಾಗುತ್ತಾನೆ, ನಾಳೆ ಯಾರಾದರೂ ಕೊಡೆ ಗುರುತಿಸಿದರೆ ಮೊಮ್ಮಗನ ಕುರ್ಚಿ ಹೋಗುತ್ತದೆ. ಆಧಾರವೆರಡೂ, ಎಂದರೆ ಚೌಕಟ್ಟಿನಲ್ಲಿದ್ದ ಅಸಲಿ ಫೋಟೊ ಮತ್ತು ಆ ಕೊಡೆ, ಸೋದರತ್ತೆಯ ಮನೆಯಲ್ಲಿದ್ದವು. ಕೊಕ್ಕೆ ಆ ಕಡೆ ಓಡಿದ.

ಅತ್ತೆಯ ಮನೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬಿದ್ದಿತ್ತು. ಬೆಳಿಗ್ಗೆಯಿಂದ ಟೀವಿಯಲ್ಲಿ ಕಾರ್ಯಕ್ರಮದ ತುಣುಕು ಬರುತ್ತಿದ್ದುದು ಅವನಿಗೆ ಹೊಳೆದೇ ಇರಲಿಲ್ಲ. ಬೀದಿಯವರೆಲ್ಲ ಒಳಗೆ ಸೇರಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಮೇಜಿನ ಮೇಲಿಟ್ಟ ಫೋಟೊ ಸುತ್ತ ಪಿಸುಗುಟ್ಟುತ್ತ ನಿಂತಿದ್ದರು. ಅತ್ತೆ ಮದುವೆಗೆ ಮಾತ್ರ ತೆಗೆಯುವ ಬಟ್ಟೆಯುಟ್ಟು ನಡುವೆ ಕೂತಿದ್ದಳು. ಪಕ್ಕದ ಮನೆಯ ಹೊಲಿಗೆಯಾಕೆ, “ನಿಮ್ಮ ಮೂಗು ನೋಡ್ದಾಗಲೆಲ್ಲ ಅಂದ್ಕೋತಿದ್ದೆ, ಇದು ಸಾಧಾರಣ ಮನೆತನದ ಮೂಗಲ್ಲ ಅಂತ” ಎಂದಳು. ಹಿಂದಿನ ವಾರವಷ್ಟೇ ಅದೇ ಮೂಗನ್ನು ಬೇರೆಯವರ ವಿಷಯದಲ್ಲಿ ತೂರಿಸಬೇಡ ಎಂದು ಅತ್ತೆಯ ಜೊತೆ ಜಗಳವಾಡಿದ್ದವಳು ಅವಳೇ.

“ಅತ್ತೆ, ತಾತ ಕೊಡೆ ರಿಪೇರಿ ಮಾಡ್ತಿದ್ದ.”

“ಮಾಡ್ತಿದ್ದ. ಯಾರು ಇಲ್ಲ ಅಂದ್ರು? ದೊಡ್ಡೋರು ಹಾಗೇ ಕಣೋ, ತೋರಿಸ್ಕೊಳ್ಳಲ್ಲ.”

“ಆ ರಾಜ ಸತ್ತು ಎಷ್ಟೋ ತಲೆಮಾರಾಯ್ತು. ನೀನು ಈ ರಾಜನ ಹೆಗಲ ಮೇಲೆ ಕೂತು ಸ್ಕೂಲಿಗೆ ಹೋಗಿದೀಯ.”

ಅತ್ತೆಯ ಮುಖ ಸ್ವಲ್ಪ ಇಳಿಯಿತು. “ಗೊತ್ತು ಕಣೋ. ನನಗೆ ಬುದ್ಧಿ ಇಲ್ವಾ? ಆದ್ರೆ ನಗಾರಿ ಬಾರಿಸಿ ಅಪ್ಪನ ಮುಖ ಅಷ್ಟು ದೊಡ್ಡದಾಗಿ ತೋರಿಸಿದ್ರಲ್ಲ, ನಾನು ಎದ್ದು ನಿಂತ್ಬಿಟ್ಟೆ” ಎಂದು ಮೆಲ್ಲಗೆ ಹೇಳಿದಳು. ತನ್ನ ಮೈ ಜುಮ್ಮೆಂದದ್ದು ಕೊಕ್ಕೆಗೂ ನೆನಪಿತ್ತು. ಕೊನೆಗೆ ಅತ್ತೆ ಫೋಟೊ, ಕೊಡೆ ಎರಡನ್ನೂ ಕೊಡಲು ಒಪ್ಪಿದಳು, ಜೊತೆಗೆ ತಾನೂ ಬರುವುದಾದರೆ ಮಾತ್ರ. ಅಪ್ಪನನ್ನು ಸಿಂಹಾಸನದಿಂದ ಇಳಿಸುವುದಾದರೆ ಇಳಿಸುವವರ ಮುಖವನ್ನಾದರೂ ನೋಡಬೇಕಂತೆ.

ಚಾನೆಲ್ಲಿನಲ್ಲಿ ಪ್ರೊಫೆಸರ್ ಸಂಜೆಯ ಚರ್ಚೆಗೆ ಬಂದು ಕೂತಿದ್ದರು. ಕೊಕ್ಕೆ ಫೋಟೊವನ್ನೂ ಕೊಡೆಯನ್ನೂ ನಿರ್ದೇಶಕಿಯ ಮೇಜಿನ ಮೇಲಿಟ್ಟ. ಬಾಗಿದ ಹಿಡಿ, ಅದರ ತುದಿಯಲ್ಲಿ, ರಿಪೇರಿ ಮಾಡುವಾಗ ಕಚ್ಚಿ ಹಿಡಿಯುತ್ತಿದ್ದ ತಾತನ ಹಲ್ಲಿನ ಗುರುತು ಕೂಡ ಹಾಗೇ ಇತ್ತು. ಪ್ರೊಫೆಸರ್ ಕೊಡೆ ಎತ್ತಿಕೊಂಡರು. ಚಿತ್ರ ನೋಡಿದರು, ಹಿಡಿ ನೋಡಿದರು, ಬಿಳುಚಿಕೊಂಡರು. ಸಿಕ್ಕಿಸಿ ಎಳೆಯುವ ಯುದ್ಧತಂತ್ರ ಅವರ ಗಂಟಲಲ್ಲೇ ಸಿಕ್ಕಿಕೊಂಡಿತು.

ಕೊಕ್ಕೆ ಗೆದ್ದೆ ಎಂದುಕೊಂಡ. ಆಗ ಪ್ರೊಫೆಸರ್ ಮೆಲ್ಲನೆ ಕೊಡೆ ಬಿಚ್ಚಿದರು. ಕಪ್ಪು ಬಟ್ಟೆ ಗರಿಗೆದರಿ ಎಲ್ಲರ ತಲೆಯ ಮೇಲೆ ಅರಳಿತು. ಅದರ ನೆರಳಿನಲ್ಲಿ ಅವರ ಮುಖಕ್ಕೆ ಮತ್ತೆ ಬಣ್ಣ ಬಂತು.

“ಛತ್ರ,” ಎಂದರು ಅವರು. “ರಾಜಲಾಂಛನ. ನಾನು ಖಡ್ಗ ಅಂದಿದ್ದು ಅರ್ಧ ಸತ್ಯ. ಯುದ್ಧ ಮಾಡದೆ ಊರು ಕಾಪಾಡಿದ ರಾಜ ಕೈಯಲ್ಲಿ ಕತ್ತಿ ಯಾಕೆ ಹಿಡೀತಾನೆ? ಛತ್ರಾನೇ ಹಿಡೀತಾನೆ.” ಕೋಣೆಯಲ್ಲಿದ್ದವರೆಲ್ಲ ಬೆರಗಾಗಿ ಕೊಡೆಯ ಕಡ್ಡಿಗಳನ್ನು ನೋಡಿದರು.

“ಸರ್, ಅದು ಫೋಟೊ. ಆ ಕಾಲದಲ್ಲಿ ಕ್ಯಾಮೆರಾ ಎಲ್ಲಿತ್ತು?” ಎಂದ ಕೊಕ್ಕೆ.

“ಕ್ಯಾಮೆರಾ ಬಂದ್ಮೇಲೆ ಹಳೇ ಚಿತ್ರದ ಫೋಟೊ ತೆಗೆಸಿಟ್ಕೊಂಡಿರಬಾರದಾ? ಯಾರು ತೆಗೆಸ್ತಾರೆ ಹೇಳಿ. ಮನೆಯವರು.”

ನಿರ್ದೇಶಕಿ ಕೊಕ್ಕೆಯ ಮುಖವನ್ನು ಹೊಸದಾಗಿ ನೋಡುವವಳಂತೆ ನೋಡಿದಳು. “ಚಿತ್ರ ನಿಮ್ಮ ಮನೇಲಿದೆ. ಛತ್ರ ನಿಮ್ಮ ಮನೇಲಿದೆ. ಎರಡು ಆಧಾರ. ನೀನು ಆ ವಂಶದವನು ಅಂತ ಮೊದಲೇ ಯಾಕೆ ಹೇಳಲಿಲ್ಲ?”

“ನಾನು ಹೇಳ್ತಿರೋದು ಅದಲ್ಲ...”

“ಮೌನದೊರೆ ಮೊಮ್ಮಗ ಇನ್ನು ಹ್ಯಾಗೆ ಇರ್ತಾನೆ, ಹೇಳ್ಕೊಳ್ಳಲ್ಲ” ಎಂದ ಸಂಕಲನಕಾರ.

ಕೊಕ್ಕೆಗೆ ಉಳಿದದ್ದು ಅತ್ತೆಯೊಬ್ಬಳೇ. “ಅತ್ತೆ, ನೀನು ಕ್ಯಾಮೆರಾ ಮುಂದೆ ಕೂತು ಇದ್ದದ್ದು ಇದ್ದ ಹಾಗೆ ಹೇಳು. ಒಂದು ಸುಳ್ಳೂ ಬೇಡ” ಎಂದು ಬೇಡಿಕೊಂಡ. ಅತ್ತೆ ತಲೆಯಾಡಿಸಿದಳು. ದೀಪಗಳು ಹತ್ತಿದವು. ನಿರ್ದೇಶಕಿ ಕೇಳಿದ್ದು ಒಂದೇ ಪ್ರಶ್ನೆ: “ಅವರು ಹೇಗಿದ್ರು?”

ಅತ್ತೆ ಕೊಡೆಯ ಹಿಡಿಯನ್ನು ಸವರಿದಳು. “ಮಳೆ ಜೋರಾದ್ರೆ ಊರಿನೋರೆಲ್ಲ ಅವನ ಹತ್ರ ಓಡಿ ಬರೋರು. ಒಬ್ಬರನ್ನೂ ನೆನೆಯೋಕೆ ಬಿಡ್ಲಿಲ್ಲ ಅವನು. ಎಲ್ಲರೂ ಬೆಚ್ಚಗೆ ಮನೆ ಸೇರೋರು, ತಾನು ಮಾತ್ರ ಬಯಲಲ್ಲಿ ನೆನೀತಾ ಕೂತಿರೋನು. ಇಷ್ಟು ಮಾಡ್ದೆ ಅಂತ ಯಾವತ್ತೂ ಬಾಯಿಬಿಟ್ಟು ಹೇಳ್ಕೊಂಡೋನಲ್ಲ. ಅವನು ಹೋದ್ಮೇಲೇ ಊರಿಗೆ ಗೊತ್ತಾಗಿದ್ದು, ಮಳೆ ಅಂದ್ರೆ ಏನು ಅಂತ.”

ನಿರ್ದೇಶಕಿ ಕಣ್ಣೊರೆಸಿಕೊಂಡಳು. ಕೊಕ್ಕೆ ಒಂದೊಂದು ವಾಕ್ಯವನ್ನೂ ತಿರುಗಿಸಿ ಮಗುಚಿ ನೋಡಿದ. ಒಂದರಲ್ಲೂ ತಪ್ಪಿರಲಿಲ್ಲ. ಬೀದಿಯ ತಿರುವಿನಲ್ಲಿ ಗೋಣಿಚೀಲ ಹಾಸಿಕೊಂಡು, ಮಳೆಯಲ್ಲಿ ತೊಯ್ಯುತ್ತ, ಪರರ ಕೊಡೆಗೆ ತೇಪೆ ಹಾಕುತ್ತಿದ್ದ ಆ ಮನುಷ್ಯ ಅವನ ಕಣ್ಣ ಮುಂದೆ ಬಂದ. ಇಷ್ಟು ವರ್ಷ ತಾನು ರಾಜರ ಗುಂಡಿ ಎಣಿಸುತ್ತ ಕೂತೆ, ಇವನನ್ನು ಸರಿಯಾಗಿ ನೋಡಲೇ ಇಲ್ಲ ಎಂದುಕೊಂಡ.

ಸಂಜೆ ಕಾರ್ಯಕ್ರಮ ಪ್ರಸಾರವಾಯಿತು. ಮಹಾಗೋಡೆಯ ಮೇಲೆ ಮುಗಿಲು ಸೀಳಿ ಬೆಳಕು ಬೀಳುತ್ತಿರುವಾಗ ಅತ್ತೆಯ ಮಾತು ಕೇಳಿಬಂತು, ಅದರ ಹಿಂದೆಯೇ ತಾತನ ಮುಖ ಮೂಡಿತು. ಕಚೇರಿಯಲ್ಲಿ ಕಾವಲುಗಾರನಿಂದ ಹಿಡಿದು ಲೆಕ್ಕಿಗನ ತನಕ ಎಲ್ಲರೂ ಎದ್ದು ನಿಂತರು. ಕೊಕ್ಕೆಯೂ ನಿಂತ. ಸುಳ್ಳೆಂದು ಊರಿಗೆಲ್ಲ ಮೊದಲು ತಿಳಿದಿದ್ದವನೇ ಅವನು, ಆದರೂ ಕಾಲು ಕೇಳಲಿಲ್ಲ.

ಮುಗಿದ ಕೂಡಲೇ ಮುಖ್ಯಸ್ಥರು ಕರೆಸಿದರು. ಕೊಕ್ಕೆ ಒಳಗೆ ಹೋದಾಗ ಅವರೂ ಎದ್ದು ನಿಂತಿದ್ದರು. “ಅದ್ಭುತ. ಚಾನೆಲ್ಲಿನ ಇತಿಹಾಸದಲ್ಲೇ ಇಂಥದ್ದು ಬಂದಿಲ್ಲ. ಒಂದು ತಪ್ಪೂ ಇಲ್ಲ,” ಎಂದರು.

“ಹಾಗಾದ್ರೆ ನನ್ನ ಕುರ್ಚಿ ಸರ್?”

“ಅದೇ ಒಂದು ತೊಡಕು. ಕಥಾನಾಯಕನ ಸಂಬಂಧಿಕರು ಪರಿಶೀಲಕರಾಗಿರಬಾರದು, ಪಕ್ಷಪಾತ ಆಗುತ್ತೆ ಅಂತ ನಿಯಮ ಇದೆಯಲ್ಲ. ತಂದಿದ್ದು ನೀನೇ. ಎರಡು ಆಧಾರ ಕೊಟ್ಟು ಸಂಬಂಧ ಸಾಬೀತು ಮಾಡಿದ್ದೂ ನೀನೇ. ಆ ಕುರ್ಚಿಗೆ ಬೇರೆಯವರನ್ನ ಹುಡುಕ್ತೀವಿ. ಬೇಜಾರಾಗ್ಬೇಡ, ನಿನಗೆ ಬೇರೆ ಕೆಲಸ ಇದೆ. ಮೇಕಪ್ ಕೋಣೆಗೆ ಹೋಗು.”

ಮೇಕಪ್ ಕೋಣೆಯಲ್ಲಿ ಸಂಕಲನಕಾರ ಕಾಯುತ್ತಿದ್ದ. ಮುಂದಿನ ಸಾಕ್ಷ್ಯಚಿತ್ರ ಮಹಾಗೋಪುರ ಕಟ್ಟಿಸಿದ ಇನ್ನೊಬ್ಬ ರಾಜನದು. ಅವನಿಗೂ ಚಿತ್ರವಿಲ್ಲ. ಕೊಕ್ಕೆಯ ತಲೆಗೆ ಕಿರೀಟ ಇಟ್ಟರು, ಮೈಗೆ ನಿಲುವಂಗಿ ತೊಡಿಸಿದರು. ಪಾದರಕ್ಷೆ ಒಂದಳತೆ ಚಿಕ್ಕದು, ಬೆರಳು ಹಿಂಡಿ ಕಣ್ಣುಗುಡ್ಡೆ ಹೊರಗೆ ಬಂತು. ಕತ್ತಿ ಎಲ್ಲೂ ಸಿಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅತ್ತೆ ಕೊಡೆ ಮಡಚಿ ಅವನ ಕೈಗೆ ಕೊಟ್ಟಳು. ಅವಳ ಕಣ್ಣು ತುಂಬಿತ್ತು. “ಥೇಟ್ ಅಪ್ಪನೇ” ಎಂದಳು.

“ಆ ಕಣ್ಣು ನೋಡಿ” ಎಂದರು ಪಕ್ಕದಲ್ಲಿದ್ದ ಪ್ರೊಫೆಸರ್, ಉಸಿರು ಬಿಗಿಹಿಡಿದು.

“ಆದ್ರೆ ಆ ಕಾಲದಲ್ಲಿ ಈ ಥರ ಕೊಡೆ...” ಎಂದು ಕೊಕ್ಕೆ ಬಾಯಿ ತೆರೆದ.

“ಮಾತಾಡ್ಬೇಡಿ, ಮುಖ ಅಲುಗುತ್ತೆ” ಎಂದ ಛಾಯಾಗ್ರಾಹಕ. ಬೆಳಕು ಮಿಂಚಿತು.

ಸಂಕಲನಕಾರ ಪರದೆಯ ಮೇಲೆ ಮೂಡಿದ ಮುಖವನ್ನು ನೋಡಿ ತಲೆದೂಗಿದ. “ಸದ್ಯಕ್ಕೆ ಇದಿರಲಿ” ಎಂದ.